ನಿರ್ವಾತಕ್ಕೆ ಚಿಮ್ಮಿದ ಅನಿಲ

ಒತ್ತಡದಲ್ಲಿ ಹಿಡಿದಿಟ್ಟ ಅನಿಲವನ್ನು ಸಣ್ಣ ರಂಧ್ರವೊಂದರ ಮೂಲಕ ನಿರ್ವಾತಕ್ಕೆ ಬಿಟ್ಟರೆ ಅದು ಚಿಮ್ಮಿ ಹರಡುತ್ತದೆ. ಹೀಗೆ ಹರಡುವ ಧಾರೆಗೆ ಮುಕ್ತ ಜೆಟ್ ಎಂದು ಹೆಸರು. ರಂಧ್ರದ ಬಾಯಲ್ಲಿ ಅಣುಗಳು ಕಿಕ್ಕಿರಿದಿರುತ್ತವೆ. ಸಾಮಾನ್ಯ ವಾತಾವರಣದ ಒತ್ತಡದಲ್ಲಿ ಗಾಳಿಯ ಅಣುವೊಂದು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಮೊದಲು ಸರಾಸರಿ ಸಾಗುವ ದೂರಕ್ಕೆ ಮುಕ್ತ ಪಥ ಎನ್ನುತ್ತಾರೆ. ಅದು ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಅಷ್ಟು ಒತ್ತೊತ್ತಾಗಿರುವಾಗ ಅನಿಲ ನೀರಿನಂತೆ ಒಂದೇ ಮೈಯಾಗಿ ಹರಿಯುತ್ತದೆ. ರಂಧ್ರ ದಾಟಿದ ಮೇಲೆ ಧಾರೆ ಅಗಲವಾಗುತ್ತಾ ಹೋಗುತ್ತದೆ; ದೂರ ಎರಡು ಪಟ್ಟಾದರೆ ಸಾಂದ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ. ಡಿಕ್ಕಿಗಳು ವಿರಳವಾಗುತ್ತವೆ, ಮುಕ್ತ ಪಥ ಸೆಂಟಿಮೀಟರುಗಳಿಗೆ, ಮೀಟರುಗಳಿಗೆ ಬೆಳೆಯುತ್ತದೆ. ಕೊನೆಗೆ ಪ್ರತಿ ಅಣುವೂ ತನ್ನ ದಾರಿ ಹಿಡಿದು ನೇರವಾಗಿ ಹೊರಟುಬಿಡುತ್ತದೆ.

ಹರಿವಾಗಿ ಹೊರಟದ್ದು ಬಿಡಿ ಅಣುಗಳಾಗಿ ಚದುರುವ ಈ ಬದಲಾವಣೆ ಪ್ರಯೋಗಾಲಯದ ಜೆಟ್‌ನಲ್ಲಿ ಕೆಲವೇ ಸೆಂಟಿಮೀಟರುಗಳೊಳಗೆ ನಡೆದುಹೋಗಬಹುದು. ಆದರೆ ಎರಡು ತುದಿಗಳ ಗಣಿತ ಬೇರೆ, ಉಪಕರಣ ಬೇರೆ. ದಟ್ಟ ತುದಿಯನ್ನು ಹಿಡಿದವರು ಉಗಿಯಂತ್ರ, ಟಾರ್ಪಿಡೊ, ರಾಕೆಟ್‌ಗಳ ಎಂಜಿನಿಯರರು. ವಿರಳ ತುದಿಯನ್ನು ಹಿಡಿದವರು ಅಣು ಪರಮಾಣುಗಳನ್ನು ಹುಡುಕುತ್ತಿದ್ದ ಭೌತವಿಜ್ಞಾನಿಗಳು. ಹರಿವು ಎಲ್ಲಿ ಮುಗಿಯುತ್ತದೆ, ಅಣು ಎಲ್ಲಿ ಒಂಟಿಯಾಗುತ್ತದೆ ಎಂಬ ಗಡಿಯನ್ನು ಅಳೆದು, ಲೆಕ್ಕ ಹಾಕಿ ಗುರುತಿಸುವ ಹೊತ್ತಿಗೆ ಸುಮಾರು ನೂರು ವರ್ಷ ಕಳೆದಿತ್ತು.

ಎರಡು ತುದಿ, ಎರಡು ಆರಂಭ

ದಟ್ಟ ತುದಿಯ ಕಥೆ ಏಡ್ರಿಯಾಟಿಕ್ ಕಡಲತೀರದ ಫಿಯುಮೆ ಪಟ್ಟಣದಲ್ಲಿ ಶುರುವಾಗುತ್ತದೆ. ಇಂದು ಕ್ರೊಯೇಷಿಯಾದ ರಿಯೇಕಾ ಎನಿಸಿಕೊಂಡಿರುವ ಈ ಊರಿನಲ್ಲಿ ಆಗ ಆಸ್ಟ್ರಿಯಾ-ಹಂಗೆರಿಯ ನೌಕಾ ಅಕಾಡೆಮಿ ಇತ್ತು, ವೈಟ್‌ಹೆಡ್‌ನ ಟಾರ್ಪಿಡೊ ಕಾರ್ಖಾನೆಯೂ ಇತ್ತು. ಟಾರ್ಪಿಡೊಗಳು ಓಡುತ್ತಿದ್ದದ್ದು ಒತ್ತಿ ತುಂಬಿದ ಗಾಳಿಯಿಂದ. ಅಕಾಡೆಮಿಯ ಅಧ್ಯಾಪಕ ಪೀಟರ್ ಸಾಲ್ಷರ್ 1886ರಲ್ಲಿ ಅರ್ನ್ಸ್ಟ್ ಮಾಕ್‌ನ ಸಲಹೆಯಂತೆ ಹಾರುವ ಗುಂಡಿನ ಮುಂದಿನ ಆಘಾತ ತರಂಗದ ಚಿತ್ರ ತೆಗೆದಿದ್ದ. 1889ರ ಹೊತ್ತಿಗೆ ಅದೇ ಛಾಯಾಚಿತ್ರ ತಂತ್ರ ಕಾರ್ಖಾನೆಯ ಗಾಳಿಯ ಧಾರೆಯತ್ತ ತಿರುಗಿತು. ಹೆಚ್ಚಿನ ಒತ್ತಡದ ಗಾಳಿ ಮೂತಿಯಿಂದ ಹೊರಬಿದ್ದಾಗ ಧಾರೆಯೊಳಗೆ ಓರೆ ಗೆರೆಗಳು ಒಂದಕ್ಕೊಂದು ಹೆಣೆದುಕೊಂಡಂತೆ ಕಂಡವು. ಒತ್ತಡ ಹೆಚ್ಚಿದಾಗ ಧಾರೆಗೆ ಅಡ್ಡಲಾಗಿ ತಟ್ಟೆಯಂಥ ಆಘಾತ ತರಂಗ ಮೂಡಿತು. ಮುಂದೆ ಅದಕ್ಕೆ ಮಾಕ್ ತಟ್ಟೆ ಎಂದೇ ಹೆಸರಾಯಿತು. ಇದೆಲ್ಲ ನಡೆದದ್ದು ಸುತ್ತಲೂ ಗಾಳಿಯಿರುವಾಗ. ಅಷ್ಟು ಅನಿಲವನ್ನು ಹೊರತಳ್ಳಿ ಒಳ್ಳೆಯ ನಿರ್ವಾತ ಉಳಿಸಿಕೊಳ್ಳುವ ಪಂಪುಗಳು ಇನ್ನೂ ಬಂದಿರಲಿಲ್ಲ.

ವಿರಳ ತುದಿಯ ಸಿದ್ಧಾಂತ ಆಗಲೇ ಕಾಗದದ ಮೇಲಿತ್ತು. ಅಣುಗಳ ವೇಗ ಹೇಗೆ ಹಂಚಿಹೋಗಿರುತ್ತದೆ ಎಂಬುದನ್ನು ಮ್ಯಾಕ್ಸ್‌ವೆಲ್ 1860ರಲ್ಲಿ ಹೇಳಿದ್ದ. ಹಾರಾಟ ಮತ್ತು ಡಿಕ್ಕಿಗಳಿಂದ ಆ ಹಂಚಿಕೆ ಹೇಗೆ ಬದಲಾಗುತ್ತದೆ ಎಂಬುದರ ಸಮೀಕರಣವನ್ನು ಬೋಲ್ಟ್ಸ್‌ಮನ್ 1872ರಲ್ಲಿ ಬರೆದಿದ್ದ. ಜೆಟ್‌ನ ಬುಡಕ್ಕೂ ತುದಿಗೂ ಸಲ್ಲುವ ಸಮೀಕರಣ ಅದೊಂದೇ. ಆದರೆ ಜಾಗದ ಮೂರು ದಿಕ್ಕು, ವೇಗದ ಮೂರು ದಿಕ್ಕು, ಕಾಲ ಎಲ್ಲವೂ ಸೇರಿ ಅದನ್ನು ಬಿಡಿಸುವುದು ಕೈಲಾಗದ ಕೆಲಸವಾಗಿತ್ತು. ಕೋಪನ್‌ಹೇಗನ್ನಿನ ಮಾರ್ಟಿನ್ ಕ್ನೂಡ್ಸನ್ 1909ರಲ್ಲಿ ಸಮಸ್ಯೆಯನ್ನು ಒಂದು ತುದಿಯಿಂದ ಸರಳಗೊಳಿಸಿದ. ರಂಧ್ರ ಮುಕ್ತ ಪಥಕ್ಕಿಂತ ಚಿಕ್ಕದಾದರೆ ಅಣುಗಳು ಒಂದನ್ನೊಂದು ಮುಟ್ಟದೆ ಒಂದೊಂದಾಗಿ ನುಸುಳುತ್ತವೆ. ಡಿಕ್ಕಿಯ ಲೆಕ್ಕವನ್ನೇ ಬಿಟ್ಟುಬಿಡಬಹುದು. ಮುಕ್ತ ಪಥವನ್ನು ರಂಧ್ರದ ಅಳತೆಯಿಂದ ಭಾಗಿಸಿದರೆ ಸಿಗುವ ಸಂಖ್ಯೆ ಇಂದಿಗೂ ಅವನ ಹೆಸರಿನಲ್ಲಿದೆ. ಕ್ನೂಡ್ಸನ್ ಸಂಖ್ಯೆ ತೀರ ಚಿಕ್ಕದಾದರೆ ಹರಿವು, ಒಂದಕ್ಕಿಂತ ದೊಡ್ಡದಾದರೆ ಬಿಡಿ ಅಣುಗಳು.

1911ರಲ್ಲಿ ಫ್ರಾನ್ಸಿನ ಲೂಯಿ ದ್ಯುನೊಯೆ ಮೂರು ಅರೆಗಳ ಗಾಜಿನ ನಳಿಕೆಯಲ್ಲಿ ಸೋಡಿಯಂ ಕಾಯಿಸಿ, ಅದರ ಆವಿ ನೇರ ಗೆರೆಯಲ್ಲಿ ಸಾಗಿ ಆಚೆ ತುದಿಯಲ್ಲಿ ಅಂಚು ಸ್ಪಷ್ಟವಾದ ಕಲೆಯಾಗಿ ಕೂಡುವುದನ್ನು ತೋರಿಸಿದ. ಕೆಲವೇ ವರ್ಷಗಳಲ್ಲಿ ಗೇಡೆ ಮತ್ತು ಲ್ಯಾಂಗ್‌ಮ್ಯೂರ್ ರೂಪಿಸಿದ ಪಾದರಸದ ಡಿಫ್ಯೂಷನ್ ಪಂಪುಗಳು ಬಂದವು. ಒಳ್ಳೆಯ ನಿರ್ವಾತ ಪ್ರಯೋಗಾಲಯದ ಮಾಮೂಲಿ ಸಲಕರಣೆಯಾಯಿತು. ಫ್ರಾಂಕ್‌ಫರ್ಟ್‌ನ ಒಟ್ಟೊ ಸ್ಟರ್ನ್ 1920ರಲ್ಲಿ ತಿರುಗುವ ಉಪಕರಣವೊಂದರಿಂದ ಬೆಳ್ಳಿಯ ಪರಮಾಣುಗಳ ವೇಗವನ್ನೇ ಅಳೆದ. 1922ರಲ್ಲಿ ಗೆರ್ಲಾಕ್ ಜೊತೆ ಅವನು ಮಾಡಿದ ಪ್ರಯೋಗದಲ್ಲಿ ಕಾಂತಕ್ಷೇತ್ರ ದಾಟಿದ ಬೆಳ್ಳಿಯ ಧಾರೆ ಎರಡಾಗಿ ಸೀಳಿತು. ಕ್ವಾಂಟಂ ವಿಜ್ಞಾನದ ಅಡಿಗಲ್ಲುಗಳಲ್ಲಿ ಅದೂ ಒಂದು.

ಕ್ನೂಡ್ಸನ್ ದಾರಿಯಲ್ಲಿ ಒಂದು ತೊಡಕಿತ್ತು. ಡಿಕ್ಕಿಗಳನ್ನು ತಪ್ಪಿಸಬೇಕಾದರೆ ಆವಿ ಹೊರಡುವ ಕುಲುಮೆಯೊಳಗಿನ ಒತ್ತಡ ಕಡಿಮೆಯಿರಬೇಕು. ಒತ್ತಡ ಕಡಿಮೆಯಾದರೆ ಹೊರಬರುವ ಅಣುಗಳೂ ಕಡಿಮೆ. ಬಂದವುಗಳಲ್ಲಿಯೂ ನಿಧಾನದವು, ಅವಸರದವು ಎಲ್ಲ ಬೆರೆತಿರುತ್ತಿದ್ದವು. ಮೂವತ್ತು ವರ್ಷ ಅಣುಧಾರೆಯ ಪ್ರಯೋಗಗಳೆಲ್ಲ ಈ ಬಡತನದಲ್ಲೇ ನಡೆದವು.

1951ರ ಸಲಹೆ

ತೊಡಕನ್ನು ಬಿಡಿಸಿದ ಸಲಹೆ ದಟ್ಟ ತುದಿಯವರಿಂದ ಬಂತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಾಯುಗತಿ ವಿಜ್ಞಾನಿ ಆರ್ಥರ್ ಕ್ಯಾಂಟ್ರೋವಿಟ್ಜ್ ಮತ್ತು ಜೆರ್ರಿ ಗ್ರೇ 1951ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಡಿಕ್ಕಿಗಳನ್ನು ತಪ್ಪಿಸುವ ಬದಲು ದುಡಿಸಿಕೊಳ್ಳಬೇಕು ಎಂದರು. ಹೆಚ್ಚಿನ ಒತ್ತಡದ ಅನಿಲವನ್ನು ಶಬ್ದಾತೀತ ನಾಜಲ್ ಮೂಲಕ ಹರಿಸಿದರೆ ಡಿಕ್ಕಿಗಳೇ ಅಣುಗಳ ಅಡ್ಡಾದಿಡ್ಡಿ ಓಡಾಟವನ್ನು ಮುಂದೊತ್ತುವ ವೇಗವಾಗಿ ಬದಲಿಸುತ್ತವೆ. ಅಡ್ಡಾದಿಡ್ಡಿ ಓಡಾಟವೆಂದರೆ ಉಷ್ಣತೆ. ಆದ್ದರಿಂದ ಅನಿಲ ತಣ್ಣಗಾಗುತ್ತದೆ, ಅಣುಗಳೆಲ್ಲ ಹೆಚ್ಚುಕಡಿಮೆ ಒಂದೇ ವೇಗಕ್ಕೆ ಬರುತ್ತವೆ. ಆಮೇಲೆ ಧಾರೆಯ ನಡುಭಾಗವನ್ನು ಮಾತ್ರ ಚೂಪು ಶಂಕುವಿನ ತುದಿಯ ರಂಧ್ರದಿಂದ ಆಚೆಯ ನಿರ್ವಾತಕ್ಕೆ ಬಿಟ್ಟುಕೊಳ್ಳಬೇಕು. ಹಾಲಿನ ಮೇಲಿನ ಕೆನೆ ತೆಗೆದಂತೆ ಧಾರೆಯ ತಿರುಳನ್ನು ತೆಗೆಯುವ ಈ ಶಂಕುವಿಗೆ ಸ್ಕಿಮ್ಮರ್ ಎಂಬ ಹೆಸರು ಸಹಜವಾಗಿಯೇ ಒಪ್ಪಿತು.

ಅದೇ ಸಂಚಿಕೆಯಲ್ಲಿ ಹಾರ್ವರ್ಡ್‌ನ ಜಾರ್ಜ್ ಕಿಸ್ಟಿಯಾಕೋವ್‌ಸ್ಕಿ ಮತ್ತು ವಿಲಿಯಂ ಸ್ಲಿಕ್ಟರ್ ಪ್ರಯೋಗದ ಫಲಿತಾಂಶ ಕೊಟ್ಟರು. ಧಾರೆ ಬಲಗೊಂಡಿತ್ತು, ಆದರೆ ಸಿದ್ಧಾಂತ ಹೇಳಿದಷ್ಟಲ್ಲ. ನಾಜಲ್‌ನಿಂದ ಸುರಿಯುವ ಅನಿಲವನ್ನು ಹೊರತಳ್ಳಲು ಅಂದಿನ ಪಂಪುಗಳು ಸಾಲದೆ ಹೋಗುತ್ತಿದ್ದವು. ಸ್ಕಿಮ್ಮರ್ ಕೂಡ ಧಾರೆಯನ್ನು ಕದಡುತ್ತಿತ್ತು. 1954ರಲ್ಲಿ ಜರ್ಮನಿಯ ಬೆಕ್ಕರ್ ಮತ್ತು ಬೀರ್ ಈ ವಿಧಾನ ನಡೆಯುತ್ತದೆ ಎಂಬುದನ್ನು ಖಚಿತಪಡಿಸಿದರು. ಮುಂದೆ ತಿಳಿದುಬಂದ ಇನ್ನೊಂದು ಸಂಗತಿಯೆಂದರೆ, ಕೊರೆದು ಮಾಡಿದ ನಾಜಲ್ ಕೂಡ ಬೇಕಿಲ್ಲ. ತೆಳು ತಗಡಿನಲ್ಲಿ ಒಂದು ದುಂಡು ರಂಧ್ರವಿದ್ದರೆ ಸಾಕು, ನಿರ್ವಾತವೇ ಧಾರೆಯನ್ನು ಹಿಗ್ಗಿಸಿ ಶಬ್ದವೇಗದಾಚೆ ಒಯ್ಯುತ್ತದೆ.

ಜೆಟ್‌ನ ಆಕಾರ

ರಂಧ್ರದಿಂದ ಹೊರಟ ಜೆಟ್‌ನ ಆಕಾರವನ್ನು ಲೆಕ್ಕದಿಂದ ಹಿಡಿದ ಮೊದಲಿಗರಲ್ಲಿ ಬ್ರಿಟನ್ನಿನ ಓವೆನ್ ಮತ್ತು ಥಾರ್ನ್‌ಹಿಲ್ ಪ್ರಮುಖರು. 1948ರಲ್ಲಿ ಸಿದ್ಧವಾಗಿ 1952ರಲ್ಲಿ ಅಚ್ಚಾದ ವರದಿಯಲ್ಲಿ ಅವರು ನಿರ್ವಾತಕ್ಕೆ ಬಿದ್ದ ಜೆಟ್‌ನ ಅಕ್ಷದುದ್ದಕ್ಕೂ ಒತ್ತಡ, ವೇಗಗಳನ್ನು ಕೈಲೆಕ್ಕದಿಂದ ಬಿಡಿಸಿದರು. ಕ್ಯಾಲಿಫೋರ್ನಿಯಾದಲ್ಲಿ ಹ್ಯಾರಿ ಆಶ್ಕೆನಾಸ್ ಮತ್ತು ಫ್ರೆಡರಿಕ್ ಶರ್ಮನ್ ಅದನ್ನು ಅಳತೆಗಳೊಂದಿಗೆ ಹೋಲಿಸಿ, ಪ್ರಯೋಗಾಲಯದಲ್ಲಿ ದಿನವೂ ಬಳಸಬಹುದಾದ ಸೂತ್ರಗಳಾಗಿ 1966ರಲ್ಲಿ ಪ್ರಕಟಿಸಿದರು. ಇಂದಿಗೂ ಆ ಸೂತ್ರಗಳೇ ಚಾಲ್ತಿಯಲ್ಲಿವೆ.

ಸೂತ್ರ ಹೇಳುವುದು ಇಷ್ಟು. ಕೋಣೆಯ ಉಷ್ಣತೆಯ, ಅಂದರೆ 300 ಕೆಲ್ವಿನ್‌ನ ಹೀಲಿಯಂ ಅಥವಾ ಆರ್ಗಾನ್ ರಂಧ್ರದ ವ್ಯಾಸದ ಹತ್ತು ಪಟ್ಟು ದೂರ ಹೋಗುವಷ್ಟರಲ್ಲಿ ಮಾಕ್ ಸಂಖ್ಯೆ, ಅಂದರೆ ಹರಿವಿನ ವೇಗ ಅಲ್ಲಿನ ಶಬ್ದದ ವೇಗದ ಎಷ್ಟು ಪಟ್ಟು ಎಂಬ ಎಣಿಕೆ, 15ರ ಹತ್ತಿರ ಬರುತ್ತದೆ, ಉಷ್ಣತೆ 4 ಕೆಲ್ವಿನ್‌ಗೆ ಇಳಿಯುತ್ತದೆ. ರಂಧ್ರ ಅರ್ಧ ಮಿಲಿಮೀಟರಿನದಾದರೆ ಈ ಕುಸಿತ ಅರ್ಧ ಸೆಂಟಿಮೀಟರಿನಲ್ಲಿ ಮುಗಿಯುತ್ತದೆ. ಮಾಕ್ ಸಂಖ್ಯೆ ಇಷ್ಟು ಏರುವುದಕ್ಕೆ ಅನಿಲ ಮತ್ತಷ್ಟು ರಭಸವಾಗಿ ಓಡುವುದು ಕಾರಣವಲ್ಲ. ಮಾಕ್ ಸಂಖ್ಯೆ 5ರ ವೇಳೆಗೇ ಅದು ತನ್ನ ಗರಿಷ್ಠ ವೇಗದ ಶೇಕಡಾ 94ರಷ್ಟನ್ನು ಮುಟ್ಟಿರುತ್ತದೆ. ಆರ್ಗಾನ್‌ಗೆ ಆ ಗರಿಷ್ಠ ಸೆಕೆಂಡಿಗೆ ಸುಮಾರು 560 ಮೀಟರ್, ಹೀಲಿಯಂಗೆ ಸುಮಾರು 1,770 ಮೀಟರ್. ಅಲ್ಲಿಂದಾಚೆ ಇಳಿಯುತ್ತಾ ಹೋಗುವುದು ಶಬ್ದದ ವೇಗ, ಏಕೆಂದರೆ ಅನಿಲ ತಣ್ಣಗಾಗುತ್ತಿರುತ್ತದೆ.

ನಿರ್ವಾತದ ಕೋಣೆಯಲ್ಲೂ ಒಂದಿಷ್ಟು ಅನಿಲ ಉಳಿದೇ ಇರುತ್ತದೆ. ಶಬ್ದಕ್ಕಿಂತ ಮುಂದೆ ಓಡುವ ಜೆಟ್‌ಗೆ ಅದರ ಸುದ್ದಿ ತಲುಪುವುದಿಲ್ಲ. ಆದ್ದರಿಂದ ಅದು ಬೇಕಾದುದಕ್ಕಿಂತ ಹೆಚ್ಚು ಹಿಗ್ಗಿ, ಸುತ್ತಲಿನ ಒತ್ತಡಕ್ಕಿಂತ ಕೆಳಗಿಳಿದು, ಆಘಾತ ತರಂಗದ ಮೂಲಕ ಒಮ್ಮೆಲೇ ಎಚ್ಚೆತ್ತುಕೊಳ್ಳುತ್ತದೆ. ಪಕ್ಕಗಳಲ್ಲಿ ಪೀಪಾಯಿಯಂತೆ ಬಾಗಿದ ಆಘಾತ, ಎದುರಿಗೆ ಫಿಯುಮೆಯಲ್ಲಿ ಕಂಡ ಅದೇ ಮಾಕ್ ತಟ್ಟೆ. ತಟ್ಟೆ ಎಷ್ಟು ದೂರದಲ್ಲಿರುತ್ತದೆ ಎಂಬುದಕ್ಕೆ ಆಶ್ಕೆನಾಸ್ ಮತ್ತು ಶರ್ಮನ್ ಕೊಟ್ಟ ನಿಯಮ ಬಹಳ ಸರಳ: ಒಳಗಿನ ಒತ್ತಡವನ್ನು ಹೊರಗಿನ ಒತ್ತಡದಿಂದ ಭಾಗಿಸಿ, ಅದರ ವರ್ಗಮೂಲವನ್ನು 0.67ರಿಂದ ಗುಣಿಸಿದರೆ ಸಿಗುವಷ್ಟು ವ್ಯಾಸಗಳ ದೂರ. ಒತ್ತಡ ಹತ್ತು ಸಾವಿರ ಪಟ್ಟು ಹೆಚ್ಚಿದ್ದರೆ 67 ವ್ಯಾಸ. ಪೀಪಾಯಿಯೊಳಗಿನ ಅನಿಲಕ್ಕೆ ಹೊರಗಿನ ಗೊಡವೆಯೇ ಇಲ್ಲದ್ದರಿಂದ ಆ ಭಾಗಕ್ಕೆ ಮೌನವಲಯ ಎಂದು ಹೆಸರು ಬಿತ್ತು. ಫ್ರಾನ್ಸಿನ ಸಾಕ್ಲೆಯಲ್ಲಿ ರೋಜೆ ಕಂಪಾರ್ಗ್ 1960ರ ದಶಕದಲ್ಲಿ ಸ್ಕಿಮ್ಮರನ್ನು ಈ ಮೌನವಲಯದೊಳಕ್ಕೇ ತೂರಿಸಿ, ದೈತ್ಯ ಪಂಪುಗಳಿಲ್ಲದೆಯೂ ಬಲವಾದ ಧಾರೆ ಪಡೆಯಬಹುದೆಂದು ತೋರಿಸಿದ. ನಿರ್ವಾತ ತೀರ ಆಳವಾದಾಗ ತಟ್ಟೆ ದಪ್ಪವಾಗಿ, ಮಸುಕಾಗಿ, ಕೊನೆಗೆ ಕರಗಿಹೋಗುತ್ತದೆ. ಆಗ ಸುತ್ತಲಿನ ಚೂರುಪಾರು ಅಣುಗಳು ಜೆಟ್‌ನ ತಿರುಳಿಗೇ ನುಗ್ಗುತ್ತವೆ.

ಮುಟ್ಟಿದರೆ ಕದಡುವ ಧಾರೆ

ಇಂಥ ಜೆಟ್ಟನ್ನು ಅಳೆಯುವುದರ ಕಷ್ಟವೇ ಬೇರೆ. ವಿಮಾನದ ರೆಕ್ಕೆಗೆ ಕಟ್ಟುವಂಥ ಪಿಟೊ ನಳಿಕೆಯನ್ನು ಜೆಟ್‌ಗೆ ಎದುರಾಗಿ ಹಿಡಿದರೆ ಒತ್ತಡ ತಿಳಿಯುತ್ತದೆ. ದಟ್ಟ ಭಾಗದಲ್ಲಿ ಇದು ಚೆನ್ನಾಗಿ ನಡೆಯಿತು. ಅನಿಲ ವಿರಳವಾದಂತೆ ನಳಿಕೆಯ ಬಾಯಿಗಿಂತ ಮುಕ್ತ ಪಥವೇ ದೊಡ್ಡದಾಗಿ, ಅಳತೆಯ ಅರ್ಥವೇ ಬದಲಾಯಿತು.

ಬೆಕ್ಕರ್‌ನ ತಂಡದ ಪ್ರಯೋಗಗಳಿಂದ ಎದ್ದ ವಿವಾದವೊಂದು ಈ ಕಷ್ಟವನ್ನು ಚೆನ್ನಾಗಿ ತೋರಿಸುತ್ತದೆ. ಹಗುರ ಮತ್ತು ಭಾರ ಅನಿಲಗಳ ಮಿಶ್ರಣವನ್ನು ಜೆಟ್ ಮಾಡಿ ನಡುವಿನಿಂದ ಮಾದರಿ ಹೀರಿದಾಗ ಅದರಲ್ಲಿ ಭಾರದ ಅನಿಲವೇ ಹೆಚ್ಚಿತ್ತು. ಜೆಟ್‌ನೊಳಗೇ ಹಗುರ ಅಣುಗಳು ಪಕ್ಕಕ್ಕೆ ಸರಿಯುತ್ತವೆ ಎಂಬುದು ಮೊದಲ ವಿವರಣೆ. 1963ರಲ್ಲಿ ಪ್ರಿನ್ಸ್‌ಟನ್ನಿನ ವಿಕ್ಟರ್ ರೀಸ್ ಮತ್ತು ಜಾನ್ ಫೆನ್ ಬೇರೆಯದೇ ಕಾರಣ ಮುಂದಿಟ್ಟರು. ಹೀರುವ ನಳಿಕೆಯ ಮುಂದೆ ಆಘಾತ ತರಂಗ ನಿಲ್ಲುತ್ತದೆ, ಅಲ್ಲಿ ಹರಿವು ಥಟ್ಟನೆ ಪಕ್ಕಕ್ಕೆ ಬಾಗುತ್ತದೆ. ಹಗುರ ಅಣುಗಳು ಹರಿವಿನೊಂದಿಗೆ ತಿರುಗಿಕೊಳ್ಳುತ್ತವೆ. ಭಾರದವು ಹಿಡಿದ ದಾರಿ ಬಿಡದೆ ನೇರವಾಗಿ ನಳಿಕೆಗೆ ನುಗ್ಗುತ್ತವೆ. ಬೇರ್ಪಡಿಸುವ ಕೆಲಸದಲ್ಲಿ ಅಳೆಯುವ ಸಾಧನಕ್ಕೇ ದೊಡ್ಡ ಪಾಲಿತ್ತು. ಹರಿವನ್ನು ಬಾಗಿಸಿ ಭಾರ-ಹಗುರಗಳನ್ನು ಬೇರ್ಪಡಿಸುವ ಉಪಾಯವನ್ನು ಬೆಕ್ಕರ್ ಮುಂದೆ ಕಾರ್ಲ್ಸ್‌ರೂಎಯಲ್ಲಿ ಯುರೇನಿಯಂ ಐಸೊಟೋಪುಗಳನ್ನು ಪ್ರತ್ಯೇಕಿಸುವ ವಿಧಾನವಾಗಿ ಬೆಳೆಸಿದ.

ಮುಟ್ಟದೆ ಅಳೆಯುವ ದಾರಿಯನ್ನು ತೆರೆದವರಲ್ಲಿ ಟೊರಾಂಟೊದ ಫಿಲಿಪ್ ಮುಂಟ್ಜ್ ಮುಖ್ಯನಾದವನು. 1962ರಲ್ಲಿ ಅವನು ಎಲೆಕ್ಟ್ರಾನುಗಳ ಸಣ್ಣ ಕಿರಣವೊಂದನ್ನು ನೈಟ್ರೋಜನ್ ಹರಿವಿನ ಅಡ್ಡಕ್ಕೆ ಹಾಯಿಸಿದ. ಪೆಟ್ಟು ತಿಂದ ಅಣುಗಳು ನೇರಳೆ-ನೀಲಿ ಬಣ್ಣದಲ್ಲಿ ಮಿನುಗುತ್ತವೆ. ಮಿನುಗಿನ ತೀಕ್ಷ್ಣತೆಯಿಂದ ಸಾಂದ್ರತೆಯನ್ನೂ, ಅದರ ರೋಹಿತದ ಗೆರೆಗಳ ಹಂಚಿಕೆಯಿಂದ ಅಣುಗಳ ಗಿರಕಿಯ ಉಷ್ಣತೆಯನ್ನೂ ಓದಬಹುದಾಗಿತ್ತು. ಬರ್ಕ್‌ಲಿಯ ರಾಬೆನ್ ಮತ್ತು ಟಾಲ್ಬಟ್, ಟೊರಾಂಟೊದ ಮರೋನ್ ಇದೇ ವಿಧಾನವನ್ನು ಮುಕ್ತ ಜೆಟ್‌ಗೆ ಹೂಡಿದರು. ಸೋವಿಯತ್ ಒಕ್ಕೂಟದ ನೊವೊಸಿಬಿರ್ಸ್ಕ್‌ನ ಉಷ್ಣಭೌತವಿಜ್ಞಾನ ಸಂಸ್ಥೆಯಲ್ಲಿ ರೆಬ್ರೋವ್ ಮತ್ತು ಸಂಗಡಿಗರು ಎಲೆಕ್ಟ್ರಾನ್ ಕಿರಣದ ಅಳತೆಗಳನ್ನು ದಶಕಗಳ ಕಾಲ ನಡೆಸಿದರು. 1958ರಲ್ಲಿ ಫ್ರಾನ್ಸಿನ ನೀಸ್‌ನಲ್ಲಿ ಮೊದಲ ಬಾರಿ ಸೇರಿದ ವಿರಳ ಅನಿಲಗತಿ ವಿಜ್ಞಾನದ ಅಂತರರಾಷ್ಟ್ರೀಯ ಸಮ್ಮೇಳನ ಈ ಎಲ್ಲ ತಂಡಗಳಿಗೂ ಎರಡು ವರ್ಷಕ್ಕೊಮ್ಮೆ ಕೂಡುವ ಕಟ್ಟೆಯಾಯಿತು.

ಹೆಪ್ಪುಗಟ್ಟುವ ಉಷ್ಣತೆ

ಅಳತೆಗಳು ನಿಖರವಾದಂತೆ ಒಂದು ವ್ಯತ್ಯಾಸ ಎದ್ದುಕಂಡಿತು. ಹರಿವಿನ ಸೂತ್ರದ ಪ್ರಕಾರ ಮಾಕ್ ಸಂಖ್ಯೆ ದೂರದೊಂದಿಗೆ ಏರುತ್ತಲೇ ಹೋಗಬೇಕು, ಉಷ್ಣತೆ ಸೊನ್ನೆಯತ್ತ ಇಳಿಯುತ್ತಲೇ ಇರಬೇಕು. ಫೆನ್ ಮತ್ತು ಜೇಮ್ಸ್ ಆಂಡರ್ಸನ್ ಆರ್ಗಾನ್ ಧಾರೆಯನ್ನು ತುಂಡು ತುಂಡಾಗಿ ಕತ್ತರಿಸಿ, ಒಂದೊಂದು ತುಂಡಿನ ಅಣುಗಳು ನಿಗದಿತ ದೂರ ಕ್ರಮಿಸಲು ತೆಗೆದುಕೊಂಡ ಸಮಯವನ್ನು ಅಳೆದರು. ಅವರು 1965ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಮಾಕ್ ಸಂಖ್ಯೆ ಒಂದು ಹಂತಕ್ಕೆ ಬಂದು ನಿಂತುಬಿಡುತ್ತಿತ್ತು. ತಣ್ಣಗಾಗಲು ಡಿಕ್ಕಿ ಬೇಕು. ಡಿಕ್ಕಿಗಳು ಮುಗಿದಲ್ಲಿ ಉಷ್ಣತೆ ಇದ್ದಲ್ಲೇ ಹೆಪ್ಪುಗಟ್ಟುತ್ತದೆ. ಕೊನೆಯ ಮಾಕ್ ಸಂಖ್ಯೆ ಮೂಲದ ಕ್ನೂಡ್ಸನ್ ಸಂಖ್ಯೆಯ 0.4ನೆಯ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ ಎಂದು ಅವರು ಕಂಡುಕೊಂಡರು. ಅಂದರೆ ಒಳಗಿನ ಒತ್ತಡವನ್ನು ಇಮ್ಮಡಿಸಿದರೆ ಕೊನೆಯ ಮಾಕ್ ಸಂಖ್ಯೆ ಮೂರನೇ ಒಂದು ಭಾಗದಷ್ಟು ಮಾತ್ರ ಹೆಚ್ಚುತ್ತದೆ. ಹರಿವಿಗೂ ಬಿಡಿ ಅಣುಗಳಿಗೂ ನಡುವಿನ ಗಡಿ ಮೊದಲ ಬಾರಿಗೆ ಒಂದು ಸಂಖ್ಯೆಯಾಗಿ ಕೈಗೆ ಸಿಕ್ಕಿತ್ತು.

ಗಡಿಯೂ ಒಂದೇ ಅಲ್ಲ ಎಂಬುದು ಬೇಗನೆ ತಿಳಿಯಿತು. ಅಣುವಿನ ಕಂಪನ ಬದಲಾಗಲು ಸಾವಿರಾರು ಡಿಕ್ಕಿ ಬೇಕಾಗಬಹುದು. ಆದ್ದರಿಂದ ಅದು ಮೊದಲು ಹೆಪ್ಪುಗಟ್ಟುತ್ತದೆ. ಗಿರಕಿಗೆ ಕಡಿಮೆ ಡಿಕ್ಕಿ ಸಾಕು, ಅದು ಆಮೇಲೆ. ಓಡಾಟದ ಉಷ್ಣತೆ ಎಲ್ಲಕ್ಕಿಂತ ಕೊನೆಗೆ, ಅದೂ ಎರಡಾಗಿ ಸೀಳಿಕೊಂಡು. ಧಾರೆಯ ದಿಕ್ಕಿನಲ್ಲಿರುವ ಉಷ್ಣತೆ ನಿಂತಲ್ಲೇ ನಿಲ್ಲುತ್ತದೆ. ಅಡ್ಡ ದಿಕ್ಕಿನದು ಡಿಕ್ಕಿಗಳಿಲ್ಲದೆಯೂ ಇಳಿಯುತ್ತದೆ, ಏಕೆಂದರೆ ದೂರದ ಒಂದು ಜಾಗವನ್ನು ತಲುಪುವುದು ಆ ಕಡೆಗೇ ಮುಖಮಾಡಿ ಹೊರಟ ಅಣುಗಳು ಮಾತ್ರ. 1966ರಲ್ಲಿ ಹ್ಯಾಮೆಲ್ ಮತ್ತು ವಿಲಿಸ್, ಬೇರೆಯಾಗಿ ಎಡ್ವರ್ಡ್ಸ್ ಮತ್ತು ಚೆಂಗ್ ಇದನ್ನು ಬೋಲ್ಟ್ಸ್‌ಮನ್ ಸಮೀಕರಣದ ಆಧಾರದಲ್ಲಿ ವಿವರಿಸಿದರು.

ಇದೇ ಸಮಸ್ಯೆಯನ್ನು ವಿರಳ ತುದಿಯಿಂದ ಹಿಡಿದವರಲ್ಲಿ ಬೆಂಗಳೂರಿನ ರೊದ್ದಂ ನರಸಿಂಹ ಒಬ್ಬರು. ಕನ್ನಡದಲ್ಲಿ ವಿಜ್ಞಾನ ಬರೆದ ಆರ್. ಎಲ್. ನರಸಿಂಹಯ್ಯನವರ ಮಗನಾದ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಅವರ ಬಳಿ ಕಲಿತು, ಧವನ್ ಅವರಿಗೂ ಗುರುವಾಗಿದ್ದ ಹಾನ್ಸ್ ಲೀಪ್‌ಮನ್ ಬಳಿ ಸಂಶೋಧನೆಗೆಂದು ಅಮೆರಿಕದ ಕ್ಯಾಲ್‌ಟೆಕ್‌ಗೆ ಹೋದರು. ರಂಧ್ರದಿಂದ ಹರಿಯುವ ಅನಿಲದ ಪ್ರಮಾಣ ಬಿಡಿ ಅಣುಗಳ ಸ್ಥಿತಿಯಿಂದ ದಟ್ಟ ಹರಿವಿನ ಸ್ಥಿತಿಗೆ ಬರುವಾಗ ಹೇಗೆ ಬದಲಾಗುತ್ತದೆ ಎಂಬುದನ್ನು ಲೀಪ್‌ಮನ್ ಅಳೆದು 1961ರಲ್ಲಿ ಪ್ರಕಟಿಸಿದ. ಅದೇ ವರ್ಷ ನರಸಿಂಹ ಅವರು ಕ್ನೂಡ್ಸನ್ ಸಂಖ್ಯೆ ದೊಡ್ಡದಾಗಿರುವಾಗ ಅಪರೂಪಕ್ಕೆ ನಡೆಯುವ ಡಿಕ್ಕಿಗಳು ಹರಿವಿನ ಮೇಲೆ ಮಾಡುವ ಪರಿಣಾಮವನ್ನು ಲೆಕ್ಕ ಹಾಕಿದರು. 1962ರಲ್ಲಿ, ಡಿಕ್ಕಿಗಳೇ ಇಲ್ಲದೆ ಅನಿಲವೊಂದು ನಿರ್ವಾತಕ್ಕೆ ಹರಡುವ ಬಗೆಯನ್ನು ಕುರಿತ ಅವರ ಲೇಖನ ಜರ್ನಲ್ ಆಫ್ ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಬಂತು. ಜೆಟ್‌ನ ದೂರದ ತುದಿಯ ಲೆಕ್ಕವನ್ನು ಪರೀಕ್ಷಿಸುವವರಿಗೆ ಇಂಥ ಶುದ್ಧ ಉತ್ತರಗಳು ಅಳತೆಗೋಲಾಗಿ ಒದಗುತ್ತವೆ. ಅದೇ ವರ್ಷ ನರಸಿಂಹ ಬೆಂಗಳೂರಿಗೆ ಮರಳಿದರು. ಅವರ ಮುಂದಿನ ಹೆಸರುವಾಸಿ ಕೆಲಸ ಬಹುಪಾಲು ಪ್ರಕ್ಷುಬ್ಧ ಹರಿವು ಮತ್ತು ಮೋಡಗಳ ಬಗ್ಗೆ.

ತಣ್ಣನೆಯ ಜೆಟ್‌ನ ಫಲಗಳು

ಜೆಟ್ ಅಣುಗಳನ್ನು ಎಷ್ಟು ತಣ್ಣಗೆ ಮಾಡುತ್ತದೆ ಎಂಬುದು ಖಚಿತವಾದ ಮೇಲೆ ಅದು ಸ್ವತಃ ಒಂದು ಉಪಕರಣವಾಯಿತು. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಸ್ಮಾಲಿ, ಡೊನಾಲ್ಡ್ ಲೆವಿ, ಲೆನರ್ಡ್ ವಾರ್ಟನ್ ಮತ್ತು ಸಂಗಡಿಗರು 1974ರಲ್ಲಿ ನೈಟ್ರೋಜನ್ ಡೈಆಕ್ಸೈಡನ್ನು ಆರ್ಗಾನ್‌ನಲ್ಲಿ ಬೆರೆಸಿ ಜೆಟ್ ಮಾಡಿ ಲೇಸರ್ ಬೆಳಕಿನಲ್ಲಿ ನೋಡಿದರು. ಕೋಣೆಯ ಉಷ್ಣತೆಯಲ್ಲಿ ಗೆರೆಗಳ ಕಾಡಿನಂತಿದ್ದ ಅದರ ರೋಹಿತ, ಗಿರಕಿ ತಣಿದ ಅಣುಗಳಲ್ಲಿ ಎಣಿಸಬಹುದಾದಷ್ಟು ಗೆರೆಗಳಿಗೆ ಇಳಿಯಿತು. ಸ್ಮಾಲಿ ರೈಸ್ ವಿಶ್ವವಿದ್ಯಾಲಯದಲ್ಲಿ ಲೇಸರ್‌ನಿಂದ ಗ್ರಾಫೈಟ್ ಆವಿ ಮಾಡಿ ಹೀಲಿಯಂ ಜೆಟ್‌ನಲ್ಲಿ ಒಯ್ಯುವ ಯಂತ್ರ ಕಟ್ಟಿದ್ದ. 1985ರಲ್ಲಿ ಕ್ರೋಟೊ ಮತ್ತು ಕರ್ಲ್ ಜೊತೆ ಅದರಲ್ಲೇ ಅವನಿಗೆ 60 ಇಂಗಾಲದ ಪರಮಾಣುಗಳ ಚೆಂಡು ಸಿಕ್ಕಿತು. 1996ರ ರಸಾಯನ ವಿಜ್ಞಾನದ ನೊಬೆಲ್ ಈ ಮೂವರಿಗೂ ಬಂತು.

ಗಟಿಂಗನ್‌ನ ಟೋನೀಸ್ ಮತ್ತು ವಿಂಕಲ್‌ಮನ್ 1977ರಲ್ಲಿ ಹೀಲಿಯಂನ ವಿಶೇಷವನ್ನು ಲೆಕ್ಕದಿಂದ ತೋರಿಸಿದರು. ತೀರ ಕಡಿಮೆ ಉಷ್ಣತೆಯಲ್ಲಿ ಕ್ವಾಂಟಂ ಪರಿಣಾಮದಿಂದ ಹೀಲಿಯಂ ಪರಮಾಣುಗಳು ಒಂದಕ್ಕೊಂದು ಬಹಳ ದೊಡ್ಡದಾಗಿ ಕಾಣುತ್ತವೆ. ಉಳಿದ ಅನಿಲಗಳಲ್ಲಿ ನಿಲ್ಲುವ ಕಡೆಯಲ್ಲಿ ಇಲ್ಲಿ ಡಿಕ್ಕಿಗಳು ಮುಂದುವರಿಯುತ್ತವೆ. ಹೀಗಾಗಿ ಹೀಲಿಯಂ ಜೆಟ್ ಕೆಲ್ವಿನ್‌ನ ಸಾವಿರದ ಕೆಲವೇ ಭಾಗಗಳಿಗೆ ಇಳಿಯಬಲ್ಲದು. ಫೆನ್‌ನ ಕೈಯಲ್ಲಿ ಜೆಟ್ ಇನ್ನೊಂದು ದಾರಿ ಹಿಡಿಯಿತು. 1980ರ ದಶಕದಲ್ಲಿ ಯೇಲ್‌ನಲ್ಲಿ ಅವನು ಪ್ರೋಟೀನಿನಂಥ ದೊಡ್ಡ ಅಣುಗಳನ್ನು ವಿದ್ಯುತ್ ಆವೇಶದ ತುಂತುರಾಗಿ ಸಿಂಪಡಿಸಿ, ಮುಕ್ತ ಜೆಟ್ ಮತ್ತು ಸ್ಕಿಮ್ಮರ್ ಮೂಲಕ ದ್ರವ್ಯರಾಶಿ ಅಳೆಯುವ ಯಂತ್ರಕ್ಕೆ ದಾಟಿಸಿದ. 2002ರ ರಸಾಯನ ವಿಜ್ಞಾನದ ನೊಬೆಲ್‌ನಲ್ಲಿ ಅವನಿಗೂ ಪಾಲು ಸಿಕ್ಕಿತು. ಇಂದು ಔಷಧ ತಯಾರಿಕೆಯ ಪ್ರಯೋಗಾಲಯಗಳಲ್ಲಿರುವ ಇಂಥ ಯಂತ್ರಗಳ ಬಾಯಲ್ಲಿ 1951ರ ಅದೇ ಶಂಕು ಕೂತಿದೆ.

ದಾಳ ಎಸೆದು ಅನುಕರಿಸುವುದು

ಹೆಪ್ಪುಗಟ್ಟುವ ಗಡಿಯನ್ನು ಅಕ್ಷದ ಮೇಲೆ ಗುರುತಿಸಿದ್ದಾಯಿತು. ಇಡೀ ಜೆಟ್ಟನ್ನು, ಅದರ ಅಂಚು, ಆಘಾತ, ಹಿಂದಕ್ಕೆ ಬಾಗುವ ಅಣುಗಳ ಸಮೇತ ಲೆಕ್ಕ ಹಾಕುವುದು ಉಳಿದಿತ್ತು. ಎಲ್ಲ ಅಣುಗಳ ಚಲನೆಯನ್ನೂ ನ್ಯೂಟನ್ನನ ನಿಯಮದಂತೆ ಹಿಂಬಾಲಿಸುವ ಕ್ರಮವನ್ನು ಆಲ್ಡರ್ ಮತ್ತು ವೇನ್‌ರೈಟ್ 1957ರಲ್ಲಿ ತೋರಿಸಿದ್ದರು. ಆದರೆ ಸಾಮಾನ್ಯ ಒತ್ತಡದ ಒಂದು ಘನ ಸೆಂಟಿಮೀಟರ್ ಅನಿಲದಲ್ಲಿ 27ರ ಮುಂದೆ 18 ಸೊನ್ನೆ ಬರೆದಷ್ಟು ಅಣುಗಳಿರುತ್ತವೆ. ಯಾವ ಕಂಪ್ಯೂಟರ್‌ಗೂ ಅದು ಎಟುಕದು.

ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯದ ಗ್ರೇಮ್ ಬರ್ಡ್ 1963ರಲ್ಲಿ ಸುಲಭದ ದಾರಿಯೊಂದನ್ನು ಸೂಚಿಸಿದ. ಕಂಪ್ಯೂಟರಿನೊಳಗಿನ ಒಂದೊಂದು ಅಣುವೂ ಕೋಟ್ಯಂತರ ನಿಜ ಅಣುಗಳ ಪ್ರತಿನಿಧಿ. ಜಾಗವನ್ನು ಮುಕ್ತ ಪಥಕ್ಕಿಂತ ಸಣ್ಣ ಮನೆಗಳಾಗಿ, ಕಾಲವನ್ನು ಎರಡು ಡಿಕ್ಕಿಗಳ ನಡುವಿನ ಅವಧಿಗಿಂತ ಸಣ್ಣ ಹೆಜ್ಜೆಗಳಾಗಿ ಹಂಚಬೇಕು. ಪ್ರತಿ ಹೆಜ್ಜೆಯಲ್ಲೂ ಮೊದಲು ಅಣುಗಳನ್ನು ಡಿಕ್ಕಿಯೇ ಇಲ್ಲವೆಂಬಂತೆ ನೇರವಾಗಿ ಸರಿಸಬೇಕು. ಆಮೇಲೆ ಒಂದೇ ಮನೆಯಲ್ಲಿರುವ ಜೋಡಿಗಳನ್ನು ದಾಳ ಎಸೆದಂತೆ ಆರಿಸಿ, ಸಂಭಾವ್ಯತೆಗೆ ತಕ್ಕಂತೆ ಡಿಕ್ಕಿ ಹೊಡೆಸಬೇಕು. ಆ ಎರಡು ಅಣುಗಳು ನಿಜಕ್ಕೂ ಮುಖಾಮುಖಿಯಾದವೇ ಎಂದು ನೋಡುವ ಗೋಜಿಲ್ಲ. ಸಾಕಷ್ಟು ಹೊತ್ತು ಓಡಿಸಿ ಸರಾಸರಿ ತೆಗೆದರೆ ಸಾಂದ್ರತೆ, ವೇಗ, ಉಷ್ಣತೆ ತಾವಾಗಿಯೇ ಹೊರಬರುತ್ತವೆ. ಮಾಂಟೆ ಕಾರ್ಲೊ ನೇರ ಅನುಕರಣೆ ಎಂದು ಇದು ಹೆಸರಾಯಿತು.

ಈ ವಿಧಾನಕ್ಕೆ ಜೆಟ್ ಹೇಳಿ ಮಾಡಿಸಿದ ಪರೀಕ್ಷೆಯಾಗಿತ್ತು. ಹಿಗ್ಗುವ ಅನಿಲಗಳ ಮೇಲೆ ತನ್ನ ಅನುಕರಣೆಯನ್ನು ಓಡಿಸಿ ಬರ್ಡ್ 1970ರಲ್ಲಿ ಒಂದು ಸರಳ ನಿಯಮ ತೆಗೆದ. ಅಣುವೊಂದು ಎರಡು ಡಿಕ್ಕಿಗಳ ನಡುವೆ ಸಾಗುವಷ್ಟರಲ್ಲಿ ಸುತ್ತಲಿನ ಸಾಂದ್ರತೆ ಸುಮಾರು ಶೇಕಡಾ ಐದರಷ್ಟು ಬದಲಾಗುವಂತಿದ್ದರೆ ಅಲ್ಲಿಂದಾಚೆ ಹರಿವಿನ ಸಮೀಕರಣಗಳನ್ನು ನಂಬುವಂತಿಲ್ಲ. ಆಂಡರ್ಸನ್ ಮತ್ತು ಫೆನ್ ಅಳೆದು ಕಂಡ ಗಡಿಯನ್ನು ಈಗ ಯಾವುದೇ ಆಕಾರದ ಜೆಟ್‌ನಲ್ಲಿ, ಎಲ್ಲಿ ಬೇಕಾದರೂ ಮುಂಚಿತವಾಗಿ ಗುರುತಿಸಬಹುದಾಯಿತು.

ಗಣಿತಜ್ಞರ ಅನುಮಾನ ಮಾತ್ರ ಬೇಗ ಹೋಗಲಿಲ್ಲ. ದಾಳದ ಆಟ ನಿಜವಾಗಿ ಬೋಲ್ಟ್ಸ್‌ಮನ್ ಸಮೀಕರಣವನ್ನೇ ಬಿಡಿಸುತ್ತಿದೆಯೇ ಎಂಬುದು ಪ್ರಶ್ನೆ. ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ಎಂ. ದೇಶಪಾಂಡೆ 1978ರ ವರದಿಯೊಂದರಲ್ಲಿ ಆ ಸಮೀಕರಣಕ್ಕೆ ಪಕ್ಷಪಾತವಿಲ್ಲದೆ ನಿಷ್ಠವಾಗಿರುವ ಮಾಂಟೆ ಕಾರ್ಲೊ ಕ್ರಮವೊಂದನ್ನು ರೂಪಿಸಿದರು. 1980ರಲ್ಲಿ ಜಪಾನಿನ ನಾನ್‌ಬು ಸಮೀಕರಣದಿಂದಲೇ ಹೊರಟು ಇನ್ನೊಂದು ಕ್ರಮ ಕೊಟ್ಟ. ಬರ್ಡ್‌ನ ವಿಧಾನ ಅಣುಗಳ ಸಂಖ್ಯೆ ಹೆಚ್ಚಿದಂತೆ ಸರಿಯಾದ ಉತ್ತರದತ್ತಲೇ ಸಾಗುತ್ತದೆ ಎಂಬುದಕ್ಕೆ ಜರ್ಮನಿಯ ವೋಲ್ಫ್‌ಗಾಂಗ್ ವಾಗ್ನರ್ 1992ರಲ್ಲಿ ಪುರಾವೆ ಒದಗಿಸಿದ. 1994ರಲ್ಲಿ ಬಂದ ಬರ್ಡ್‌ನ ಎರಡನೆಯ ಪುಸ್ತಕದ ಜೊತೆ ಪ್ರೋಗ್ರಾಮುಗಳ ಡಿಸ್ಕ್ ಕೂಡ ಇತ್ತು. ಯಾವುದೇ ವಿದ್ಯಾರ್ಥಿ ತನ್ನ ಮೇಜಿನ ಕಂಪ್ಯೂಟರಿನಲ್ಲಿ ಜೆಟ್ ಓಡಿಸಿ ನೋಡಬಹುದಾಯಿತು.

ಆಕಾಶದ ಜೆಟ್‌ಗಳು

ಬಾಹ್ಯಾಕಾಶದಲ್ಲಿ ಉರಿಯುವ ಪ್ರತಿ ರಾಕೆಟ್ ಎಂಜಿನ್ನಿನ ಹೊಗೆಯೂ ನಿರ್ವಾತಕ್ಕೆ ಚಿಮ್ಮುವ ಜೆಟ್. ಅದರ ಬಲವನ್ನು ಮೊದಲು ಕಣ್ಣಾರೆ ಕಂಡದ್ದು ಚಂದ್ರನ ಮೇಲೆ. 1967ರಿಂದ ಅಲ್ಲಿ ನಿಂತಿದ್ದ ಸರ್ವೇಯರ್-3 ನೌಕೆಯಿಂದ ಸುಮಾರು 160 ಮೀಟರ್ ದೂರದಲ್ಲಿ ಅಪೋಲೊ-12 ಗಗನಯಾತ್ರಿಗಳು 1969ರ ನವೆಂಬರಿನಲ್ಲಿ ಇಳಿದರು. ಅವರು ಬಿಚ್ಚಿ ತಂದ ಸರ್ವೇಯರ್‌ನ ಕ್ಯಾಮೆರಾದಲ್ಲಿ, ಎಂಜಿನ್ನಿನ ಜೆಟ್ ಎಬ್ಬಿಸಿದ ಧೂಳು ಉಜ್ಜಿ ಹೋದ ಗುರುತುಗಳಿದ್ದವು. ತಡೆಯಲು ಗಾಳಿಯಿಲ್ಲದ ಕಡೆ ಧೂಳಿನ ಕಣಗಳೂ ಗುಂಡಿನಂತೆ ನೇರವಾಗಿ ಹಾರುತ್ತವೆ.

ಬಾಹ್ಯಾಕಾಶ ನಿಲ್ದಾಣಗಳಿಗೆ ನೌಕೆ ಜೋಡಿಸುವ ಕಾಲ ಬಂದಾಗ ಲೆಕ್ಕ ಇನ್ನಷ್ಟು ಬಿಗಿಯಾಗಬೇಕಾಯಿತು. ಅಮೆರಿಕದ ಷಟಲ್ ನೌಕೆಯ ಸಣ್ಣ ಎಂಜಿನುಗಳ ಜೆಟ್ ರಷ್ಯಾದ ಮೀರ್ ನಿಲ್ದಾಣದ ಅಗಲವಾದ ಸೌರಫಲಕಗಳನ್ನು ತಳ್ಳಬಹುದಿತ್ತು. 1994ರ ಸೆಪ್ಟೆಂಬರಿನಲ್ಲಿ ಡಿಸ್ಕವರಿ ಷಟಲ್ ತನ್ನ ಯಾಂತ್ರಿಕ ತೋಳಿಗೆ ಉದ್ದನೆಯ ಕೋಲು ಕಟ್ಟಿ, ಅದರ ತುದಿಯ ಸಂವೇದಕಗಳನ್ನು ತನ್ನದೇ ಜೆಟ್‌ಗಳಿಗೆ ಒಡ್ಡಿ ಅಳೆಯಿತು. ನಾಜಲ್‌ನೊಳಗಿನ ದಟ್ಟ ಭಾಗಕ್ಕೆ ಹರಿವಿನ ಸಮೀಕರಣ, ಗಡಿಯಿಂದಾಚೆ ಬರ್ಡ್‌ನ ದಾಳ, ಹೀಗೆ ಎರಡನ್ನೂ ಹೊಲಿದು ಲೆಕ್ಕ ಹಾಕುವ ಪದ್ಧತಿ ಮೀರ್‌ಗೆ ಸಂಬಂಧಿಸಿದ ವಿಶ್ಲೇಷಣೆಗಳಲ್ಲಿ ಬಳಕೆಗೆ ಬಂತು. ಅಟ್ಲಾಂಟಿಸ್ ಷಟಲ್ 1995ರ ಜೂನ್‌ನಲ್ಲಿ ಮೊದಲ ಬಾರಿ ಮೀರ್‌ಗೆ ಕೂಡಿಕೊಂಡಿತು.

ನಿಸರ್ಗದಲ್ಲೂ ಇಂಥ ಜೆಟ್‌ಗಳಿವೆ. ವಾಯೇಜರ್-1 ಕಳಿಸಿದ ಚಿತ್ರದಲ್ಲಿ ಗುರುಗ್ರಹದ ಉಪಗ್ರಹ ಅಯೋದ ಅಂಚಿನಾಚೆ ಎದ್ದಿದ್ದ ಜ್ವಾಲಾಮುಖಿಯ ಕೊಡೆಯನ್ನು ಲಿಂಡಾ ಮೊರಾಬಿಟೊ 1979ರ ಮಾರ್ಚ್‌ನಲ್ಲಿ ಗುರುತಿಸಿದಳು. ಅದರ ಎತ್ತರ ಮುನ್ನೂರು ಕಿಲೋಮೀಟರಿನ ಹತ್ತಿರ. ಟೆಕ್ಸಾಸ್ ವಿಶ್ವವಿದ್ಯಾಲಯದ ಡೇವಿಡ್ ಗೋಲ್ಡ್‌ಸ್ಟೈನ್ ಮತ್ತು ಸಂಗಡಿಗರು ಈ ಸಲ್ಫರ್ ಡೈಆಕ್ಸೈಡ್ ಕೊಡೆಯನ್ನು ಮಾಂಟೆ ಕಾರ್ಲೊ ವಿಧಾನದಿಂದ ಅನುಕರಿಸಿ, ಮೇಲೇರುವ ಅನಿಲ ಗುರುತ್ವಕ್ಕೆ ಸೋತು ಬೀಳುವಾಗ ತುದಿಯಲ್ಲಿ ಚಪ್ಪರದಂಥ ಆಘಾತ ತರಂಗ ನಿಲ್ಲುತ್ತದೆ ಎಂದು ತೋರಿಸಿದರು. ಶನಿಯ ಉಪಗ್ರಹ ಎನ್ಸೆಲಡಸ್‌ನಲ್ಲಿ 2005ರಲ್ಲಿ ಕ್ಯಾಸಿನಿ ಕಂಡ ನೀರಾವಿಯ ಜೆಟ್‌ಗಳು ದಕ್ಷಿಣ ಧ್ರುವದ ಬಿರುಕುಗಳಿಂದ ಏಳುತ್ತವೆ. ಅಲ್ಲಿ ಬಿಡುಗಡೆಯ ವೇಗ ಸೆಕೆಂಡಿಗೆ 240 ಮೀಟರಿನಷ್ಟೇ. ಆದ್ದರಿಂದ ಆವಿಯ ಬಹುಪಾಲು ಮರಳಿ ಬೀಳದೆ ಹೊರಟುಹೋಗುತ್ತದೆ. 2014ರಿಂದ 2016ರವರೆಗೆ ರೊಸೆಟ್ಟಾ ನೌಕೆ 67ಪಿ ಧೂಮಕೇತುವಿನ ಸುತ್ತ ಅಳೆದ ಅನಿಲ ಸಾಂದ್ರತೆಯಿಂದ ಹಿಂದಕ್ಕೆ ಲೆಕ್ಕ ಹಾಕಿ, ಮೇಲ್ಮೈಯ ಯಾವ ಭಾಗ ಎಷ್ಟು ಅನಿಲ ಬಿಡುತ್ತಿತ್ತು ಎಂದು ಅಂದಾಜಿಸಲೂ ಇದೇ ವಿಧಾನ ಬಳಕೆಯಾಯಿತು.

2023ರ ಆಗಸ್ಟ್ 23ರಂದು ಬೆಂಗಳೂರಿನಿಂದ ನಿಯಂತ್ರಿಸಲಾದ ಚಂದ್ರಯಾನ-3ರ ವಿಕ್ರಮ್ ಚಂದ್ರನ ದಕ್ಷಿಣದಲ್ಲಿ ಇಳಿಯಿತು. ಅದರ ಎಂಜಿನುಗಳ ಜೆಟ್ ನೆಲದ ಮೇಲ್ಪದರವನ್ನು ಎಬ್ಬಿಸಿ ಸುತ್ತಲೂ ಒಂದು ಪ್ರಭಾವಳಿ ಮೂಡಿಸಿತು. ಇಳಿಯುವ ಮುಂಚಿನ ಮತ್ತು ಅನಂತರದ ಚಿತ್ರಗಳನ್ನು ಹೋಲಿಸಿ ಇಸ್ರೊ ವಿಜ್ಞಾನಿಗಳು ಲೆಕ್ಕ ಹಾಕಿದ ಪ್ರಕಾರ ಸುಮಾರು 2.06 ಟನ್ ಮಣ್ಣು 108.4 ಚದರ ಮೀಟರಿನಷ್ಟು ಜಾಗದಲ್ಲಿ ಚದುರಿತ್ತು. ಎಂಜಿನ್ನಿನ ಕೊರಳಿನಲ್ಲಿ ದಟ್ಟವಾಗಿ ಹರಿಯುವ ಅನಿಲ, ನೆಲಕ್ಕೆ ತಾಗುವಲ್ಲಿ ಆಘಾತ ತರಂಗ, ಪಕ್ಕಕ್ಕೆ ಹರಡಿದಂತೆ ಒಂಟಿಯಾಗುವ ಅಣುಗಳು, ಅವು ಹೊತ್ತೊಯ್ಯುವ ಧೂಳು: ಇವೆಲ್ಲ ಒಂದೇ ಲೆಕ್ಕದಲ್ಲಿ ಬರಬೇಕು. ಅನಿಲದ ಎರಡು ತುದಿಗಳನ್ನು ಒಂದೇ ಲೆಕ್ಕಕ್ಕೆ ತರುವುದು ಈಗ ಸಾಧ್ಯವಾಗಿದೆ. ಧೂಳನ್ನೂ ಅದರೊಂದಿಗೆ ಸೇರಿಸಿ, ಮುಂದಿನ ನೌಕೆಗಳು ಇಳಿಯುವ ಮೊದಲೇ ಪ್ರಭಾವಳಿಯ ಅಳತೆ ಹೇಳುವುದು ಇಂದು ಈ ಕ್ಷೇತ್ರದಲ್ಲಿ ನಡೆದಿರುವ ಕೆಲಸ.